ಬೀಥೋವನ್ ಒಂಬತ್ತನೇ ಸಿಂಫನಿಯ ಮೊದಲ ಕಛೇರಿ: ಪದೇ ಪದೇ ಕೇಳುವ ಪ್ರಶ್ನೆಗಳು

1824ರ ಮೇ 7ರಂದು ವಿಯೆನ್ನಾದಲ್ಲಿ ಜರ್ಮನ್ ಸಂಗೀತ ರಚನಕಾರ ಬೀಥೋವನ್ ಅವರ ಒಂಬತ್ತನೇ ಸಿಂಫನಿಯ ಮೊದಲ ಕಛೇರಿ ನಡೆಯಿತು. ಅದರ ಬಗ್ಗೆ, ಅಲ್ಲಿ ನುಡಿಸಿದವರು ಮತ್ತು ಹಾಡಿದವರ ಬಗ್ಗೆ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಕೇಳುವವರಲ್ಲಿ ಕರ್ನಾಟಕ ಸಂಗೀತ ಕಲಿತವರಿದ್ದಾರೆ, ಜರ್ಮನಿಗೋ ಲಂಡನ್ನಿಗೋ ಕೆಲಸಕ್ಕೆ ಹೋಗಿ ಮೊದಲ ಸಲ ಇಂಥ ಹಾಲ್‌ನಲ್ಲಿ ಕೂತು ಬಂದವರೂ ಇದ್ದಾರೆ. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟಿದ್ದೇನೆ. ಕಿವಿ ಕೇಳದ ಬೀಥೋವನ್ ಕಥೆ ಎಲ್ಲರಿಗೂ ಗೊತ್ತು. ಅವತ್ತು ವೇದಿಕೆ ಮೇಲಿದ್ದ ಉಳಿದವರ ಕಥೆ ಯಾರೂ ಅಷ್ಟಾಗಿ ಹೇಳುವುದಿಲ್ಲ. ನನಗೆ ಅವರ ಮೇಲೆ ಸ್ವಲ್ಪ ಜಾಸ್ತಿ ಒಲವು, ಅದು ಉತ್ತರಗಳಲ್ಲೂ ಕಾಣುತ್ತದೆ.

## ಮೊದಲ ಪರಿಚಯ

ಒಂಬತ್ತನೇ ಸಿಂಫನಿ ಅಂದ್ರೆ ಏನು? ಹಾಡಾ, ವಾದ್ಯ ಸಂಗೀತಾನಾ?

ಎರಡೂ ಹೌದು. ಸಿಂಫನಿ ಅಂದರೆ ದೊಡ್ಡ ವಾದ್ಯವೃಂದಕ್ಕೆಂದು ಬರೆದ, ಸಾಮಾನ್ಯವಾಗಿ ನಾಲ್ಕು ಭಾಗಗಳಿರುವ ರಚನೆ. ಅದರಲ್ಲಿ ಯಾರೂ ಹಾಡುವುದಿಲ್ಲ. ಬೀಥೋವನ್ ಬರೆದ ಮೊದಲ ಎಂಟು ಸಿಂಫನಿಗಳೂ ಹಾಗೇ ಇವೆ. ಒಂಬತ್ತನೆಯದರಲ್ಲಿ ಮೂರು ಭಾಗ ಬರೀ ವಾದ್ಯ. ನಾಲ್ಕನೇ ಭಾಗಕ್ಕೆ ನಾಲ್ವರು ಗಾಯಕರು, ಅವರ ಹಿಂದೆ ದೊಡ್ಡ ಕೋರಸ್ ಸೇರಿಕೊಳ್ಳುತ್ತಾರೆ. ಅವರು ಹಾಡುವುದು ಜರ್ಮನ್ ಕವಿ ಶಿಲ್ಲರ್ 1785ರಲ್ಲಿ ಆನಂದದ ಮೇಲೆ ಬರೆದ ಕವಿತೆಯ ಸಾಲುಗಳನ್ನು. ಎಲ್ಲಾ ಸೇರಿ ಒಂದು ಗಂಟೆಗೂ ಸ್ವಲ್ಪ ಜಾಸ್ತಿ. ಆ ಕಾಲದ ಕೇಳುಗರಿಗೆ ಅದರ ಅರ್ಧದಷ್ಟು ಉದ್ದದ ಸಿಂಫನಿಗಳು ಅಭ್ಯಾಸವಾಗಿದ್ದವು.

ಆರ್ಕೆಸ್ಟ್ರಾ ಅಂದ್ರೆ ನಮಗೆ ಗಣೇಶನ ಹಬ್ಬದ ಆರ್ಕೆಸ್ಟ್ರಾ ಗೊತ್ತು. ಇದು ಬೇರೆಯಾ?

ಹೆಸರು ಒಂದೇ, ಕೆಲಸ ಬೇರೆ. ಪೆಂಡಾಲ್ ಆರ್ಕೆಸ್ಟ್ರಾದಲ್ಲಿ ಗಾಯಕರು ಮುಂದೆ, ಕೀಬೋರ್ಡ್, ಗಿಟಾರ್, ಡ್ರಮ್ಸ್ ಅವರ ಹಿಂದೆ. ಸಿಂಫನಿ ಆರ್ಕೆಸ್ಟ್ರಾದಲ್ಲಿ ವಾದ್ಯಗಳದ್ದೇ ಮುಖ್ಯ ಪಾತ್ರ. ಮುಂದುಗಡೆ ಪಿಟೀಲು, ಅದಕ್ಕಿಂತ ದಪ್ಪ ದನಿಯ ವಿಯೋಲ, ಕಾಲ ಮಧ್ಯೆ ಇಟ್ಟುಕೊಂಡು ನುಡಿಸುವ ಚೆಲ್ಲೋ, ನಿಂತೇ ನುಡಿಸಬಹುದಾದ ಡಬಲ್ ಬಾಸ್. ಅವುಗಳ ಹಿಂದೆ ಕೊಳಲು, ಓಬೋ, ಕ್ಲಾರಿನೆಟ್, ಬಸೂನ್. ಇನ್ನೂ ಹಿಂದೆ ಹಾರ್ನ್, ಟ್ರಂಪೆಟ್, ಟ್ರೊಂಬೋನ್, ನಗಾರಿಯಂಥ ಟಿಂಪನಿ. ಒಬ್ಬೊಬ್ಬರ ಮುಂದೆಯೂ ಬರೆದ ಸ್ವರಗಳ ಹಾಳೆ ಇರುತ್ತದೆ. ಮನೋಧರ್ಮಕ್ಕೆ ಇಲ್ಲಿ ಜಾಗವಿಲ್ಲ. ನಮ್ಮವರಿಗೆ ಮೊದಲು ಇರುಸುಮುರುಸು ಆಗುವುದು ಈ ವಿಷಯದಲ್ಲೇ.

ಅದರ ಫೇಮಸ್ ಟ್ಯೂನ್ ಯಾವುದು? ನಾನು ಹಾಡಿಕೊಳ್ಳಬಹುದಾ?

ಖಂಡಿತ. ಸ, ರಿ, ಗ, ಮ, ಪ ಐದೇ ಸ್ವರ ಗೊತ್ತಿದ್ದರೆ ಸಾಕು. ಶಂಕರಾಭರಣದ ಸ್ವರಸ್ಥಾನಗಳಲ್ಲಿ ನಿಧಾನವಾಗಿ ಹೀಗೆ ಹಾಡಿ:

ಗ ಗ ಮ ಪ, ಪ ಮ ಗ ರಿ, ಸ ಸ ರಿ ಗ, ಗ ರಿ ರಿ

ಎರಡನೇ ಸಲ ಇದನ್ನೇ ಹಾಡಿ, ಕೊನೆಯಲ್ಲಿ ಮಾತ್ರ "ರಿ ಸ ಸ" ಎಂದು ಷಡ್ಜಕ್ಕೆ ಬಂದು ನಿಲ್ಲಿ. ಬೀಥೋವನ್ ಮೂಲ ಶ್ರುತಿ ಡಿ, ಅಂದರೆ ಅದೇ ಇಲ್ಲಿ ಷಡ್ಜ. ಎಲ್ಲೂ ದೊಡ್ಡ ಜಿಗಿತವಿಲ್ಲ, ಪಕ್ಕದ ಸ್ವರಕ್ಕೇ ಹೆಜ್ಜೆ. ನಡುವಿನ ಒಂದು ಸಾಲಿನ ಕೊನೆಯಲ್ಲಿ ಮಾತ್ರ ರಾಗ ಮಂದ್ರ ಪಂಚಮಕ್ಕೆ ಇಳಿಯುತ್ತದೆ. ಅದು ಮುಗಿದ ಕೂಡಲೇ ಮೊದಲ ಸಾಲು ವಾಪಸ್ ಬರಬೇಕು. ಆದರೆ ಅದರ ಗಾಂಧಾರ ಒಂದು ಏಟು ಮುಂಚೆಯೇ ಬಂದುಬಿಡುತ್ತದೆ. ತಾಳ ಹಾಕಿಕೊಂಡು ಹಾಡಿದರೆ ಆ ಜಾಗದಲ್ಲಿ ಕೈ ತಪ್ಪುತ್ತದೆ. ಇಷ್ಟು ಸರಳ ಮಟ್ಟು ಸಪ್ಪೆಯಾಗದೆ ಉಳಿದಿರುವುದಕ್ಕೆ ಆ ಒಂದು ಏಟೂ ಕಾರಣ ಅಂತ ನನಗನ್ನಿಸುತ್ತದೆ.

ಮೊದಲ ಕಛೇರಿ ಎಲ್ಲಿ ನಡೆಯಿತು? ಆ ಜಾಗ ಈಗಲೂ ಇದೆಯಾ?

ವಿಯೆನ್ನಾದ ಕೆರ್ಂಟ್ನರ್‌ಟೋರ್ ಥಿಯೇಟರಿನಲ್ಲಿ, ಶುಕ್ರವಾರ ಸಂಜೆ. ಅದು ಆಸ್ಥಾನದ ಒಪೆರಾ, ಅಂದರೆ ಹಾಡಿನಲ್ಲೇ ಸಾಗುವ ನಾಟಕ, ನಡೆಯುತ್ತಿದ್ದ ರಂಗಮಂದಿರ. ಈಗ ಇಲ್ಲ, ಕೆಡವಿದ್ದಾರೆ. ಆ ಜಾಗದಲ್ಲಿ ಈಗ ಇರುವುದು ಹೋಟೆಲ್ ಸಾಖರ್, ಚಾಕೊಲೇಟ್ ಕೇಕಿಗೆ ಹೆಸರಾದದ್ದು. ವಿಯೆನ್ನಾಕ್ಕೆ ಹೋದವರು ಕೇಕ್ ಫೋಟೋ ಹಾಕುತ್ತಾರೆ, ತಾವು ನಿಂತ ಜಾಗ ಯಾವುದು ಅನ್ನುವುದು ಹೆಚ್ಚಿನವರಿಗೆ ಗೊತ್ತಿರುವುದಿಲ್ಲ.

ಅವತ್ತು ಸಿಂಫನಿ ಒಂದನ್ನೇ ನುಡಿಸಿದರಾ?

ಇಲ್ಲ. ಮೊದಲು ಒಂದು ಓವರ್ಚರ್, ಅಂದರೆ ಶುರುವಿಗೆ ನುಡಿಸುವ ವಾದ್ಯಕೃತಿ. ಅದನ್ನು ಬೀಥೋವನ್ 1822ರಲ್ಲಿ ಬೇರೊಂದು ರಂಗಮಂದಿರದ ಉದ್ಘಾಟನೆಗೆ ಬರೆದಿದ್ದರು. ಆಮೇಲೆ ಕೋರಸ್ ಮತ್ತು ಗಾಯಕರಿಂದ ಮೂರು "ಸ್ತೋತ್ರಗಳು". ಕೊನೆಗೆ ಸಿಂಫನಿ.

ಆ ಮೂರು ಸ್ತೋತ್ರಗಳು ನಿಜವಾಗಿ ಅವರ ಮಿಸ್ಸಾ ಸೊಲೆಮ್ನಿಸ್ ಎಂಬ ಚರ್ಚ್ ಪೂಜಾಸಂಗೀತದ ಭಾಗಗಳು. ರಂಗಮಂದಿರದಲ್ಲಿ ಪೂಜೆಯ ಸಂಗೀತ ಹಾಡಕೂಡದು ಅಂತ ಸೆನ್ಸಾರ್‌ನವರು ತಕರಾರು ಎತ್ತಿದರು. ಹೆಸರು ಬದಲಾಯಿಸಿ ಸ್ತೋತ್ರ ಎಂದರು, ಅನುಮತಿ ಸಿಕ್ಕಿತು. ಅಂದರೆ ಕೋರಸ್‌ನವರು ಅದೇ ಸಂಜೆ ಎರಡು ಮಹಾ ಕಷ್ಟದ ಕೃತಿಗಳನ್ನು ಹಾಡಬೇಕಿತ್ತು. ಇವತ್ತಿನ ಯಾವ ಕೋರಸ್ ಕೂಡ ಅದನ್ನು ಸುಲಭಕ್ಕೆ ಒಪ್ಪಲಿಕ್ಕಿಲ್ಲ.

ಮಧ್ಯೆ ಚಪ್ಪಾಳೆ ಹೊಡೆದರೆ ಎಲ್ಲರೂ ತಿರುಗಿ ನೋಡ್ತಾರಂತೆ. ಯಾವಾಗ ಹೊಡೀಬೇಕು?

ನಾಲ್ಕೂ ಭಾಗ ಮುಗಿದು, ಕಂಡಕ್ಟರ್, ಅಂದರೆ ಎದುರು ನಿಂತು ಕೈಸನ್ನೆಯಲ್ಲಿ ಎಲ್ಲರನ್ನೂ ನಡೆಸುವವರು, ಕೈ ಕೆಳಗಿಳಿಸಿದ ಮೇಲೆ. ಭಾಗಗಳ ಮಧ್ಯೆ ಸುಮ್ನೆ ಇರುವುದು ಈಗಿನ ರೂಢಿ. ನಮ್ಮ ಕಛೇರಿಯಲ್ಲಿ ತನಿ ಆವರ್ತನ ಮುಗಿದಾಗ ಕೈ ತಾನಾಗಿ ಎದ್ದುಬಿಡುತ್ತದೆ, ಅಂಥವರಿಗೆ ಇದು ಕಷ್ಟವೇ.

ಆದರೆ 1824ರಲ್ಲಿ ಈ ನಿಯಮವೇ ಇರಲಿಲ್ಲ. ಎರಡನೇ ಭಾಗದಲ್ಲಿ ಟಿಂಪನಿ ಥಟ್ಟನೆ ಒಂಟಿಯಾಗಿ ನುಗ್ಗುವ ಜಾಗವಿದೆ. ಅಲ್ಲಿ ಜನ ಸಂಗೀತ ನಡೆಯುತ್ತಿರುವಾಗಲೇ ಚಪ್ಪಾಳೆ ಹೊಡೆದರು. ಯಾರಿಗೂ ಅದು ಅಪಚಾರ ಅನ್ನಿಸಲಿಲ್ಲ.

## ನುಡಿಸಿದವರು, ಹಾಡಿದವರು

ಕಿವಿ ಕೇಳದ ಬೀಥೋವನ್ ಹೇಗೆ ಕಂಡಕ್ಟ್ ಮಾಡಿದರು?

ಮಾಡಲಿಲ್ಲ. ನಿಜವಾಗಿ ಕಂಡಕ್ಟ್ ಮಾಡಿದವರು ಮಿಖಾಯೆಲ್ ಉಮ್ಲಾಫ್, ಆ ರಂಗಮಂದಿರದ ಸಂಗೀತ ಮುಖ್ಯಸ್ಥ, ಅಂದರೆ ಕಪೆಲ್‌ಮೈಸ್ಟರ್. ಪಿಟೀಲಿನವರನ್ನು ನಡೆಸಿದವರು ಇಗ್ನಾಟ್ಸ್ ಶುಪ್ಪಾನ್‌ಜಿಗ್. ಪಿಯಾನೋದಲ್ಲಿ ಕುಳಿತಿದ್ದವರು ಕಾನ್ರಾಡಿನ್ ಕ್ರಾಯ್ಟ್ಸರ್. ಅವತ್ತಿನ ಕರಪತ್ರದಲ್ಲೂ ಉಮ್ಲಾಫ್ ಮತ್ತು ಶುಪ್ಪಾನ್‌ಜಿಗ್ ಹೆಸರುಗಳಿದ್ದವು. ಬೀಥೋವನ್ ಕೂಡ ಒಟ್ಟು ನಿರ್ದೇಶನದಲ್ಲಿ ಪಾಲುಗೊಳ್ಳುತ್ತಾರೆ ಎಂದು ಮರ್ಯಾದೆಯಾಗಿ ಸೇರಿಸಿದ್ದರು.

ಬೀಥೋವನ್ ಉಮ್ಲಾಫ್ ಪಕ್ಕದಲ್ಲಿ ನಿಂತು ಪ್ರತಿ ಭಾಗದ ಶುರುವಿನಲ್ಲಿ ವೇಗ ತೋರಿಸುತ್ತಿದ್ದರು. ಅಷ್ಟಕ್ಕೇ ನಿಲ್ಲಲಿಲ್ಲ. ಪಿಟೀಲು ನುಡಿಸುತ್ತಿದ್ದ ಯೋಸೆಫ್ ಬೋಮ್ ನೆನಪಿಸಿಕೊಂಡ ಪ್ರಕಾರ ಅವರು ಒಮ್ಮೆ ಪೂರ್ತಿ ಎತ್ತರಕ್ಕೆ ಎದ್ದು ನಿಲ್ಲುತ್ತಿದ್ದರು, ಒಮ್ಮೆ ನೆಲದವರೆಗೂ ಕುಗ್ಗುತ್ತಿದ್ದರು, ಎಲ್ಲಾ ವಾದ್ಯವನ್ನೂ ತಾವೇ ನುಡಿಸಿ ಇಡೀ ಕೋರಸ್ ತಾವೇ ಹಾಡುವವರ ಹಾಗೆ ಕೈಕಾಲು ಆಡಿಸುತ್ತಿದ್ದರು.

ಉಮ್ಲಾಫ್ ಮಾತ್ರ ಎಲ್ಲರಿಗೂ ಮೊದಲೇ ಹೇಳಿಟ್ಟಿದ್ದರು: ಅವರ ಕಡೆ ನೋಡಬೇಡಿ, ನನ್ನನ್ನು ನೋಡಿ. ಅದು ಅಹಂಕಾರವಲ್ಲ. 1822ರಲ್ಲಿ ಬೀಥೋವನ್ನರ ಒಪೆರಾ ಫಿಡೆಲಿಯೊದ ರಿಹರ್ಸಲ್‌ನಲ್ಲಿ ಅವರೇ ಕಂಡಕ್ಟ್ ಮಾಡಲು ಹೋಗಿ, ವಾದ್ಯದವರು ಒಂದು ಕಡೆ ಗಾಯಕರು ಒಂದು ಕಡೆ ಆಗಿ, ಕೊನೆಗೆ ಅವರನ್ನು ಮನೆಗೆ ಕಳಿಸಬೇಕಾಗಿ ಬಂದಿತ್ತು. ಆ ದಿನವನ್ನು ಉಮ್ಲಾಫ್ ಕಣ್ಣಾರೆ ಕಂಡಿದ್ದರು. ಮೇ 7ರಂದು ಸಿಂಫನಿ ದಡ ಸೇರಿದ್ದಕ್ಕೆ ಮೊದಲು ಥ್ಯಾಂಕ್ಸ್ ಹೇಳಬೇಕಾದದ್ದು ಇವರಿಗೆ. ಇವರ ಹೆಸರು ಎಷ್ಟು ಜನಕ್ಕೆ ಗೊತ್ತು?

ಆ ನಾಲ್ವರು ಗಾಯಕರು ಯಾರು? ದೊಡ್ಡ ಹೆಸರಿನವರಾ?

ಸೊಪ್ರಾನೊ (ಹೆಂಗಸರ ಎತ್ತರದ ದನಿ) ಹೆನ್ರಿಯೆಟ್ ಸೋಂಟಾಗ್, ವಯಸ್ಸು 18. ಆಲ್ಟೊ (ಹೆಂಗಸರ ತಗ್ಗಿನ ದನಿ) ಕರೋಲೀನ್ ಉಂಗರ್, ವಯಸ್ಸು 20. ಟೆನರ್ (ಗಂಡಸರ ಎತ್ತರದ ದನಿ) ಆಂಟನ್ ಹೈಟ್ಸಿಂಗರ್, ವಯಸ್ಸು 28. ಬಾಸ್ (ಗಂಡಸರ ತಗ್ಗಿನ ದನಿ) ಯೋಸೆಫ್ ಸೈಪೆಲ್ಟ್.

ಸೋಂಟಾಗ್ ಮತ್ತು ಹೈಟ್ಸಿಂಗರ್ ಹಿಂದಿನ ಅಕ್ಟೋಬರಿನಲ್ಲಷ್ಟೇ ಇದೇ ರಂಗಮಂದಿರದಲ್ಲಿ ವೇಬರ್ ಅವರ ಹೊಸ ಒಪೆರಾ ಯೂರಿಯಾಂಥೆಯ ಮುಖ್ಯ ಪಾತ್ರಗಳನ್ನು ಹಾಡಿದ್ದರು. ಆ ಹುಡುಗಿಯರಿಬ್ಬರೂ ಬೀಥೋವನ್ ಮನೆಗೆ ಹೋಗಿಬಂದು ಅಭ್ಯಾಸ ಮಾಡಿದರು. ತಮ್ಮ ಭಾಗ ತೀರಾ ಮೇಲಿದೆ, ಸ್ವಲ್ಪ ಇಳಿಸಿಕೊಡಿ ಅಂತ ಕೇಳಿದರು. ಬೀಥೋವನ್ ಒಪ್ಪಲಿಲ್ಲ. ಉಂಗರ್ ಸುಮ್ಮನೆ ಬಿಡುವವರಲ್ಲ, ಕಂಠಕ್ಕೆಲ್ಲಾ ನೀವೊಬ್ಬರು ಸರ್ವಾಧಿಕಾರಿ ಎಂದು ಮುಖಕ್ಕೇ ಹೇಳಿದರಂತೆ.

ಬಾಸ್ ಕಥೆ ಇನ್ನೂ ಮಜವಾಗಿದೆ. ಸೈಪೆಲ್ಟ್ ಮೊದಲ ಆಯ್ಕೆ ಅಲ್ಲ. ಪ್ರೈಸಿಂಗರ್ ಎಂಬವರು ಹಾಡಬೇಕಿತ್ತು, ಮೇಲಿನ ಸ್ವರಗಳು ಸಿಗದೆ ಹಿಂದೆ ಸರಿದರು. ಇನ್ನು ಕೆಲವೇ ದಿನ ಇರುವಾಗ ಸೈಪೆಲ್ಟ್ ಬಂದು ಕಲಿತರು. ಇಡೀ ಸಿಂಫನಿಯಲ್ಲಿ ಮೊದಲು ಬಾಯಿ ತೆರೆಯುವುದು ಬಾಸ್ ಗಾಯಕ. ಮುಕ್ಕಾಲು ಗಂಟೆ ವಾದ್ಯ ಕೇಳಿದ ಜನರ ಮುಂದೆ ಎದ್ದು ನಿಂತು ಮೊದಲ ಪದ ಹಾಡುವ ಕೆಲಸ ಕೊನೇ ಗಳಿಗೆಯಲ್ಲಿ ಬಂದವರ ಪಾಲಿಗೆ ಬಿತ್ತು.

ಮುಂದೆ ಉಂಗರ್ ಇಟಲಿಯಲ್ಲಿ ದೊಡ್ಡ ಹೆಸರು ಮಾಡಿದರು, ಒಪೆರಾ ರಚನಕಾರ ಡೊನಿಜೆಟ್ಟಿ ಅವರಿಗಾಗಿಯೇ ಪಾತ್ರಗಳನ್ನು ಬರೆದರು. ಸೋಂಟಾಗ್ ಯೂರೋಪಿನ ತಾರೆಯಾದರು, ಕೌಂಟ್ ಒಬ್ಬರನ್ನು ಮದುವೆಯಾಗಿ ರಂಗ ಬಿಟ್ಟರು, ಹಣಕಾಸು ಕೆಟ್ಟ ಮೇಲೆ ಮತ್ತೆ ಹಾಡಲು ಬಂದರು. 1854ರಲ್ಲಿ ಮೆಕ್ಸಿಕೋ ನಗರದಲ್ಲಿ ಕಾಲರಾದಿಂದ ತೀರಿಕೊಂಡರು.

ಕೋರಸ್, ಆರ್ಕೆಸ್ಟ್ರಾದವರು ಎಲ್ಲರೂ ಸಂಬಳದ ಕಲಾವಿದರಾ?

ಅಲ್ಲ. ರಂಗಮಂದಿರದ ಸ್ವಂತ ಆರ್ಕೆಸ್ಟ್ರಾ ಮತ್ತು ಕೋರಸ್ ಸಾಕಾಗುತ್ತಿರಲಿಲ್ಲ. ವಿಯೆನ್ನಾದ ಸಂಗೀತ ಪ್ರೇಮಿಗಳ ಸಂಘದ ಹವ್ಯಾಸಿಗಳು ಬಂದು ಸೇರಿಕೊಂಡರು. ಅವರು ಪ್ರೀತಿಯಿಂದ ಕೈಜೋಡಿಸಿದ್ದಾರೆ ಎಂದು ಕರಪತ್ರದಲ್ಲೇ ಅಚ್ಚಾಗಿತ್ತು. ಪಿಟೀಲು 24, ವಿಯೋಲ 10, ಚೆಲ್ಲೋ ಮತ್ತು ಡಬಲ್ ಬಾಸ್ ಸೇರಿ 12 ಬೇಕೆಂದು ಲೆಕ್ಕ ಹಾಕಿದ್ದರು. ಊದುವ ವಾದ್ಯಗಳೂ ಇಮ್ಮಡಿ.

ಅಂದರೆ ಪ್ರಪಂಚದ ಅತಿ ಪ್ರಸಿದ್ಧ ಸಿಂಫನಿಯ ಮೊದಲ ಪ್ರಯೋಗದಲ್ಲಿ ಹಗಲು ಬೇರೆ ಕೆಲಸ ಮಾಡಿ ಸಂಜೆ ಪಿಟೀಲು ಹಿಡಿಯುವ ಜನರೂ ಕೂತಿದ್ದರು. ಇದನ್ನು ಕೇಳಿ ಕೆಲವರಿಗೆ ಬೇಜಾರಾಗುತ್ತದೆ. ನನಗಂತೂ ಖುಷಿ.

ಎರಡೇ ರಿಹರ್ಸಲ್ ಮಾಡಿದ್ದರಂತೆ. ಅದು ಸಾಧ್ಯವಾ?

ಎಲ್ಲರೂ ಒಟ್ಟಿಗೆ ಸೇರಿ ಮಾಡಿದ ಪೂರ್ಣ ರಿಹರ್ಸಲ್ ಎರಡೇ. ಕೋರಸ್‌ಗೆ, ಗಾಯಕರಿಗೆ, ತಂತಿ ವಾದ್ಯದವರಿಗೆ ಬೇರೆ ಬೇರೆಯಾಗಿ ಅಭ್ಯಾಸ ನಡೆದಿತ್ತು. ಆದರೂ ಸಾಲದು. ಇಡೀ ಕೃತಿಯ ಹಾಳೆಗಳು ಕೈಬರಹದವು. ಯಾರೂ ಅದನ್ನು ಹಿಂದೆ ಕೇಳಿದವರಲ್ಲ, ಹೀಗಿರಬೇಕು ಅಂತ ಹೇಳಲು ಒಂದು ಮಾದರಿಯೂ ಇಲ್ಲ. ನಾಲ್ಕನೇ ಭಾಗ ಶುರುವಿನಲ್ಲಿ ಚೆಲ್ಲೋ ಮತ್ತು ಡಬಲ್ ಬಾಸ್‌ಗಳು ಮಾತಾಡಿದ ಹಾಗೆ, ಲಯ ಬಿಟ್ಟು ಹಿಡಿದು ನುಡಿಸಬೇಕು. ಇವತ್ತಿನ ಪಳಗಿದ ಆರ್ಕೆಸ್ಟ್ರಾಗಳೂ ಅಲ್ಲಿ ಒಟ್ಟಾಗಿ ಹೋಗಲು ಬೆವರು ಸುರಿಸುತ್ತವೆ. ಅವತ್ತು ಎಲ್ಲವೂ ಸರಿಯಾಗಿ ಬಂದಿರಲು ಸಾಧ್ಯವೇ ಇಲ್ಲ. ಜನ ಆದರೂ ಎದ್ದು ಕೂಗಿದರು.

ಚಪ್ಪಾಳೆ ಕೇಳಿಸದ ಬೀಥೋವನ್ನರನ್ನು ಗಾಯಕಿ ಹಿಡಿದು ತಿರುಗಿಸಿದ ಕಥೆ ನಿಜವಾ, ಕಟ್ಟುಕಥೆಯಾ?

ನಿಜ. ತಿರುಗಿಸಿದವರು ಕರೋಲೀನ್ ಉಂಗರ್. ಬೀಥೋವನ್ ಜನರಿಗೆ ಬೆನ್ನು ಹಾಕಿ ನಿಂತಿದ್ದರು. ಚಪ್ಪಾಳೆ ಅವರಿಗೆ ಕೇಳಿಸಲಿಲ್ಲ. ಉಂಗರ್ ಅವರನ್ನು ಜನರ ಕಡೆ ತಿರುಗಿಸಿದಾಗ ಕರವಸ್ತ್ರ, ಟೋಪಿ, ಮೇಲೆತ್ತಿದ ಕೈ ಕಣ್ಣಿಗೆ ಕಂಡವು, ಅವರು ಬಗ್ಗಿ ವಂದಿಸಿದರು.

ಗೊಂದಲ ಇರುವುದು ಅದು ಯಾವಾಗ ಅನ್ನುವುದರಲ್ಲಿ. ಅವತ್ತು ಸಭೆಯಲ್ಲಿ 12 ವರ್ಷದ ಹುಡುಗನೊಬ್ಬ ಇದ್ದ, ಮುಂದೆ ದೊಡ್ಡ ಪಿಯಾನೋ ವಾದಕನಾದ ಥಾಲ್ಬರ್ಗ್. ಎರಡನೇ ಭಾಗ ಮುಗಿದಾಗ ಅಂತ ಅವರು ದಶಕಗಳ ಮೇಲೆ ಹೇಳಿದರು. ಉಂಗರ್ ತಾವೇ 1869ರಲ್ಲಿ ಲಂಡನ್ನಿನ ಜಾರ್ಜ್ ಗ್ರೋವ್ ಅವರಿಗೆ ಹೇಳಿದ್ದು ಕೊನೆಯಲ್ಲಿ ಅಂತ. ಕೈ ಹಿಡಿದು ತಿರುಗಿಸಿದವರ ಮಾತಿಗೆ ತೂಕ ಜಾಸ್ತಿ ಅಲ್ವಾ? ಆದರೆ ಎರಡನೇ ಭಾಗದ ಚಪ್ಪಾಳೆಯೂ ಜೋರಾಗಿತ್ತು, ಹಾಗಾಗಿ ಹುಡುಗನನ್ನು ಸುಳ್ಳುಗಾರ ಅನ್ನುವಂತಿಲ್ಲ.

ಕೋಟಿನ ವಿಷಯವೂ ಹೀಗೇ. ಬೀಥೋವನ್ ಹತ್ತಿರ ಒಳ್ಳೆಯ ಕಪ್ಪು ಕೋಟು ಇರಲಿಲ್ಲ, ಹಸಿರು ಕೋಟೇ ಗತಿ, ಥಿಯೇಟರಿನ ಕತ್ತಲಲ್ಲಿ ಯಾರಿಗೆ ಗೊತ್ತಾಗುತ್ತೆ ಅಂತ ಅವರ ಸಹಾಯಕ ಶಿಂಡ್ಲರ್ ಸಮಾಧಾನ ಹೇಳಿದ್ದು ಮಾತುಕತೆಯ ಪುಸ್ತಕದಲ್ಲಿದೆ. ಕಿವಿ ಕೇಳದ ಬೀಥೋವನ್ ಜೊತೆ ಜನ ಬರೆದು ಮಾತಾಡುತ್ತಿದ್ದ ನೋಟ್‌ಬುಕ್‌ಗಳವು. ಥಾಲ್ಬರ್ಗ್ ನೆನಪಿನಲ್ಲಿ ಮಾತ್ರ ಕೋಟು ಕಪ್ಪು. ಶಿಂಡ್ಲರ್ ಲೆಕ್ಕ ಹಾಕಿದ ಕತ್ತಲು ಕೆಲಸ ಮಾಡಿತು ಅಂತ ಕಾಣುತ್ತದೆ.

ಚಪ್ಪಾಳೆ ನಿಲ್ಲಿಸಲು ಪೊಲೀಸರು ಬಂದರಂತೆ?

ಚಕ್ರವರ್ತಿಯ ಮನೆಯವರಿಗೇ ಮೂರು ಸುತ್ತು ಚಪ್ಪಾಳೆ, ಬೀಥೋವನ್‌ಗೆ ಐದಾಯಿತು, ಅದಕ್ಕೆ ಪೊಲೀಸ್ ಅಧಿಕಾರಿ "ಸುಮ್ಮನಿರಿ!" ಎಂದು ಕೂಗಿದ ಎಂಬ ಕಥೆ ಶಿಂಡ್ಲರ್ ಕಡೆಯಿಂದ ಬಂದದ್ದು. ಶಿಂಡ್ಲರ್ ಹೇಳಿದ್ದನ್ನು ಅರ್ಧಕ್ಕರ್ಧ ಕಳೆದು ಕೇಳಬೇಕು. ಬೀಥೋವನ್ ಸತ್ತ ಮೇಲೆ ಮಾತುಕತೆಯ ಪುಸ್ತಕಗಳಲ್ಲಿ ಈತ ತನ್ನ ಕಡೆಯಿಂದ ಸುಳ್ಳು ಸಾಲುಗಳನ್ನು ಸೇರಿಸಿದ್ದು 1970ರ ದಶಕದಲ್ಲಿ ಪತ್ತೆಯಾಯಿತು. ಜನ ಹುಚ್ಚೆದ್ದು ಚಪ್ಪಾಳೆ ಹೊಡೆದದ್ದಕ್ಕೆ ಬೇರೆ ಸಾಕ್ಷಿಗಳಿವೆ. ರಾಜಮನೆತನದವರು ಕೂರುವ ಬಾಕ್ಸ್ ಮಾತ್ರ ಖಾಲಿ ಇತ್ತು. ಬೀಥೋವನ್ ತಾವೇ ಹೋಗಿ ಕರೆದು ಬಂದಿದ್ದರು. ಅದೇ ಹೊತ್ತಿಗೆ ಸಂಧಿವಾತದಿಂದ ಏಳಲಾಗದ ಹಳೆಯ ಗೆಳೆಯ ಜ್ಮೆಸ್ಕಾಲ್ ಪಲ್ಲಕ್ಕಿಯಂಥ ಕುರ್ಚಿಯಲ್ಲಿ ಹೊರಿಸಿಕೊಂಡು ಬಂದು ಕೂತಿದ್ದರು.

ಇಷ್ಟು ದೊಡ್ಡ ಕಛೇರಿ ಅಂದ ಮೇಲೆ ದುಡ್ಡೂ ಚೆನ್ನಾಗಿ ಬಂದಿರಬೇಕು?

ಬಂತು, ಹೋಯಿತು. ಶಿಂಡ್ಲರ್ ಲೆಕ್ಕದಲ್ಲಿ ಟಿಕೆಟ್‌ನಿಂದ ಬಂದದ್ದು ಸುಮಾರು 2200 ಫ್ಲೋರಿನ್ (ಆಗಿನ ಅಲ್ಲಿಯ ನಾಣ್ಯ). ರಂಗಮಂದಿರಕ್ಕೆ 1000, ಹಾಳೆಗಳ ನಕಲು ಬರೆಸಿದ್ದಕ್ಕೆ 800. ಬೀಥೋವನ್ ಕೈಗೆ ಉಳಿದದ್ದು 420. ಇಂಥ ದೊಡ್ಡ ಕೃತಿಯಲ್ಲಿ ಪ್ರತಿಯೊಬ್ಬರಿಗೂ ಕೈಯಲ್ಲಿ ಹಾಳೆ ಬರೆಸುವುದೇ ದೊಡ್ಡ ಖರ್ಚು. ಟಿಕೆಟ್ ದರ ಏರಿಸಲು ಅನುಮತಿ ಕೇಳಿದ್ದರು, ಅದೂ ಸಿಗಲಿಲ್ಲ. ಕೆಲವು ದಿನಗಳ ಮೇಲೆ ಬೀಥೋವನ್ ಇವರನ್ನೆಲ್ಲಾ ಊಟಕ್ಕೆ ಕರೆದು, ನೀವೆಲ್ಲಾ ಸೇರಿ ನನಗೆ ಮೋಸ ಮಾಡಿದಿರಿ ಎಂದು ಶಿಂಡ್ಲರ್ ಮೇಲೆ ಹರಿಹಾಯ್ದರು. ಉಮ್ಲಾಫ್, ಶುಪ್ಪಾನ್‌ಜಿಗ್ ಊಟ ಬಿಟ್ಟು ಎದ್ದುಹೋದರಂತೆ.

ಮೇ 23ರಂದು ಇನ್ನೊಂದು ಕಛೇರಿ ಇಟ್ಟರು. ಮಧ್ಯಾಹ್ನದ ಹೊತ್ತು, ಭಾನುವಾರ, ಒಳ್ಳೆ ಬಿಸಿಲು. ಊರಿನ ಜನ ತಿರುಗಾಡಲು ಹೋದರು, ಹಾಲ್ ಅರ್ಧ ಖಾಲಿ. ಜನರನ್ನು ಸೆಳೆಯಲು ಇಟಲಿಯ ಒಪೆರಾ ರಚನಕಾರ ರೊಸ್ಸಿನಿಯ ಜನಪ್ರಿಯ ಹಾಡೊಂದನ್ನೂ ಅವತ್ತು ಸೇರಿಸಿದ್ದರು! ಅದರಿಂದಲೂ ಪ್ರಯೋಜನವಾಗಲಿಲ್ಲ.

## ಇನ್ನೂ ಒಳಗೆ ಇಳಿಯುವವರಿಗೆ

ಕೋರಸ್‌ನವರು ಮುಕ್ಕಾಲು ಗಂಟೆ ಸುಮ್ನೆ ಕೂತಿರ್ತಾರಲ್ಲ. ಅಷ್ಟು ಹೊತ್ತು ಯಾಕೆ ಕಾಯಿಸಬೇಕು?

ಆ ಕಾಯುವಿಕೆಯೇ ನಾಲ್ಕನೇ ಭಾಗದ ನಾಟಕ. ಅದು ಕರ್ಕಶವಾದ ಒಂದು ಅಬ್ಬರದಿಂದ ಶುರುವಾಗುತ್ತದೆ. ಚೆಲ್ಲೋ, ಬಾಸ್‌ಗಳು "ಬೇಡ" ಎನ್ನುವ ಹಾಗೆ ಉತ್ತರಿಸುತ್ತವೆ. ಆಮೇಲೆ ಹಿಂದಿನ ಮೂರೂ ಭಾಗಗಳ ತುಣುಕು ಒಂದೊಂದಾಗಿ ಇಣುಕುತ್ತವೆ. ಒಂದೊಂದನ್ನೂ ಚೆಲ್ಲೋ, ಬಾಸ್‌ಗಳು ತಳ್ಳಿಹಾಕುತ್ತವೆ. ಕೊನೆಗೆ ಅವೇ, ಜೊತೆಗೆ ಯಾರೂ ಇಲ್ಲದೆ, ಬಹಳ ಮೆಲ್ಲಗೆ ಆ "ಗ ಗ ಮ ಪ" ಎತ್ತಿಕೊಳ್ಳುತ್ತವೆ. ಅದು ವಿಯೋಲಗಳಿಗೆ ಏರಿ, ಪಿಟೀಲಿಗೆ ಏರಿ, ಇಡೀ ಆರ್ಕೆಸ್ಟ್ರಾ ಹಿಡಿಯುವ ಹೊತ್ತಿಗೆ ಮತ್ತೆ ಅದೇ ಅಬ್ಬರ. ಈ ಸಲ ಉತ್ತರ ಕೊಡುವುದು ಮನುಷ್ಯ. ಬಾಸ್ ಗಾಯಕ ಎದ್ದು, ಗೆಳೆಯರೇ ಈ ದನಿಗಳು ಸಾಕು, ಇನ್ನೂ ಹಿತವಾದದ್ದನ್ನು ಹಾಡೋಣ ಎನ್ನುತ್ತಾನೆ. ಆ ಮಾತು ಶಿಲ್ಲರ್‌ದಲ್ಲ, ಬೀಥೋವನ್ನರದೇ.

ಇನ್ನು ಕೂರಿಸುವ ವಿಚಾರ. ಕೋರಸ್‌ನವರು ಸಾಮಾನ್ಯವಾಗಿ ಮೊದಲಿಂದಲೇ ವೇದಿಕೆ ಮೇಲಿರುತ್ತಾರೆ. ನಾಲ್ವರು ಗಾಯಕರನ್ನು ಹಲವು ಕಂಡಕ್ಟರ್‌ಗಳು ಎರಡು ಮತ್ತು ಮೂರನೇ ಭಾಗದ ನಡುವೆ ಕರೆತರುತ್ತಾರೆ. ಅಷ್ಟು ಹೊತ್ತು ಕೂತು, ಗಂಟಲು ಒಣಗಿ, ಎದ್ದ ಕೂಡಲೇ ಪೂರ್ತಿ ದನಿ ತೆಗೆಯಬೇಕು.

ಹಾಡುವವರು ಇದನ್ನು ನೆನೆದರೆ ಹೆದರ್ತಾರೆ. ಅಂಥ ಕಷ್ಟ ಏನು?

ಎತ್ತರ, ಮತ್ತು ಅಲ್ಲೇ ನಿಲ್ಲುವುದು. ನಮ್ಮ ಲೆಕ್ಕದಲ್ಲಿ ಹೇಳುತ್ತೇನೆ. ಡಿ ನಿಮ್ಮ ಷಡ್ಜ ಅಂದುಕೊಳ್ಳಿ. ಕೋರಸ್‌ನ ಸೊಪ್ರಾನೊಗಳು ಒಂದು ಕಡೆ ತಾರಸ್ಥಾಯಿ ಪಂಚಮ ಹಿಡಿದು ಹಲವು ಆವರ್ತ ಬಿಡದೆ ನಿಲ್ಲಬೇಕು, ಅದೂ ಜೋರಾಗಿ, ಕೆಳಗೆ ಉಳಿದವರೆಲ್ಲಾ ಬೇರೆ ಬೇರೆ ಸಾಲು ಹಾಡುತ್ತಾ ಓಡುತ್ತಿರುವಾಗ. ಕೊನೆಗೆ ನಾಲ್ವರು ಗಾಯಕರು ಮಾತ್ರ ಹಾಡುವ ಜಾಗದಲ್ಲಿ ಸೊಪ್ರಾನೊ ಇನ್ನೊಂದು ಸ್ವರ ಮೇಲೆ, ಧೈವತಕ್ಕೆ ಹೋಗಿ ಮೆಲ್ಲಗೆ ಇಳಿಯಬೇಕು. ಸೋಂಟಾಗ್ ಮತ್ತು ಉಂಗರ್ ಬೇಡಿಕೊಂಡದ್ದು ಸುಮ್ನೆ ಅಲ್ಲ.

ಬೀಥೋವನ್ ಕಂಠವನ್ನೂ ವಾದ್ಯದಂತೆ ನಡೆಸಿಕೊಂಡರು ಎಂಬ ದೂರು ಅವತ್ತಿನಿಂದ ಇದೆ. ದೂರಿನಲ್ಲಿ ಹುರುಳಿದೆ. ಆದರೆ ಆ ಕಡೆ ದನಿ ಸ್ವಲ್ಪ ಕಿರುಚಿದರೂ ಪರವಾಗಿಲ್ಲ. ಸಲೀಸಾಗಿ ಹಾಡಿಬಿಟ್ಟರೇ ಏನೋ ಕಮ್ಮಿ ಅನ್ನಿಸುತ್ತದೆ.

ಒಬ್ಬರ ರೆಕಾರ್ಡಿಂಗ್ ಒಂದು ಗಂಟೆ, ಇನ್ನೊಬ್ಬರದು 74 ನಿಮಿಷ. ಸರಿಯಾದ ವೇಗ ಯಾವುದು?

ಬೀಥೋವನ್ 1826ರಲ್ಲಿ, ಅಂದರೆ ಕಛೇರಿಯಾದ ಎರಡು ವರ್ಷಕ್ಕೆ, ಮೆಟ್ರೊನೋಮ್ (ಲಯ ಅಳೆಯುವ ಯಂತ್ರ) ಅಂಕಿಗಳನ್ನು ಗೊತ್ತುಮಾಡಿದರು. ತಮ್ಮನ ಮಗ ಕಾರ್ಲ್ ಅವನ್ನು ಬರೆದುಕೊಂಡ. ಅಂಕಿಗಳ ಪ್ರಕಾರ ನಡೆದರೆ ಸುಮಾರು ಒಂದು ಗಂಟೆ. 20ನೇ ಶತಮಾನದ ಬಹುಪಾಲು ಕಂಡಕ್ಟರ್‌ಗಳು ಅದನ್ನು ಕಡೆಗಣಿಸಿ ನಿಧಾನ ಮಾಡಿದರು, ಅದರಲ್ಲೂ ಮೂರನೇ ಭಾಗವನ್ನು. 1980ರ ದಶಕದಿಂದ ಹಳೆಯ ಕಾಲದ ವಾದ್ಯಗಳನ್ನೇ ಬಳಸುವ ತಂಡಗಳು ಆ ಅಂಕಿಗಳಿಗೆ ಮರಳಿದವು.

ಸಿಡಿಯ ಉದ್ದ 74 ನಿಮಿಷ ಆದದ್ದೇ ಈ ಸಿಂಫನಿ ಹಿಡಿಸಲಿ ಅಂತ, ಎಂಬ ಮಾತನ್ನೂ ಕೇಳಿರುತ್ತೀರಿ. ಫುರ್ಟ್‌ವೆಂಗ್ಲರ್ 1951ರಲ್ಲಿ ಬೈರೊಯ್ಟ್‌ನಲ್ಲಿ ನಡೆಸಿದ ಕಛೇರಿಯನ್ನು ಅದಕ್ಕೆ ತೋರಿಸುತ್ತಾರೆ. ಸಿಡಿ ತಯಾರಿಯಲ್ಲಿದ್ದ ಎಂಜಿನಿಯರ್ ಇಮ್ಮಿಂಕ್ ಇದನ್ನು ಒಪ್ಪುವುದಿಲ್ಲ, ಕಂಪನಿಗಳ ವ್ಯವಹಾರವೇ ಕಾರಣ ಎನ್ನುತ್ತಾರೆ.

ನಮ್ಮ ಮೈಸೂರು ಮಹಾರಾಜರಿಗೂ ಈ ಸಂಗೀತಕ್ಕೂ ಸಂಬಂಧ ಇದೆ ಅಂತಾರೆ. ಹೌದಾ?

ಒಂಬತ್ತನೇ ಸಿಂಫನಿಗೆ ನೇರವಾಗಿ ಅಲ್ಲ, ಆದರೆ ಅದನ್ನು ಹಾಡಿದ ಒಂದು ದೊಡ್ಡ ತಂಡದ ಬೇರಿನಲ್ಲಿ ಮೈಸೂರಿನ ನೀರಿದೆ. ಜಯಚಾಮರಾಜ ಒಡೆಯರ್ ಪಿಯಾನೋ ಕಲಿತವರು, ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜಿನ ಗೌರವ ಫೆಲೋ ಆದವರು. ಕರ್ನಾಟಕ ಸಂಗೀತದಲ್ಲಿ "ಶ್ರೀವಿದ್ಯಾ" ಅಂಕಿತದ 94 ಕೃತಿಗಳನ್ನು ರಚಿಸಿದವರೂ ಅವರೇ. 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ರಷ್ಯಾದ ಸಂಗೀತ ರಚನಕಾರ ಮೆಡ್ಟ್ನರ್ ಮುದಿ ವಯಸ್ಸಿನಲ್ಲಿ ತಮ್ಮ ಕೃತಿಗಳನ್ನು ರೆಕಾರ್ಡ್ ಮಾಡಲು ಆದದ್ದು ಇವರ ಹಣದಿಂದ. ಮೆಡ್ಟ್ನರ್ ತಮ್ಮ ಮೂರನೇ ಪಿಯಾನೋ ಕನ್ಸರ್ಟೊವನ್ನು ಇವರಿಗೆ ಅರ್ಪಿಸಿದರು. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಹಾಡುಗಳ ಮೊದಲ ಪ್ರಯೋಗ ನಡೆಯಿತು. ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ ನುಡಿಸಿತು, ಫ್ಲಾಗ್‌ಸ್ಟಾಡ್ ಹಾಡಿದರು, ಫುರ್ಟ್‌ವೆಂಗ್ಲರ್ ನಡೆಸಿದರು. ಅದಕ್ಕೂ ಬೆಂಬಲ ಒಡೆಯರ್ ಅವರದು.

ಅದೇ ಫಿಲ್‌ಹಾರ್ಮೋನಿಯಾದ ಸ್ಥಾಪಕ ವಾಲ್ಟರ್ ಲೆಗ್ 1957ರಲ್ಲಿ ಒಂದು ಹೊಸ ಕೋರಸ್ ಕಟ್ಟಿದರು. ತರಬೇತಿಗೆ ಬೈರೊಯ್ಟ್‌ನಿಂದ ವಿಲ್ಹೆಲ್ಮ್ ಪಿಟ್ಸ್ ಬಂದರು. ಆ ಕೋರಸ್ ಮೊದಲು ಜನರ ಮುಂದೆ ಹಾಡಿದ್ದು ಒಂಬತ್ತನೇ ಸಿಂಫನಿಯನ್ನೇ, ಕಂಡಕ್ಟರ್ ಕ್ಲೆಂಪರರ್ ಕೈಕೆಳಗೆ. ಅಲ್ಲೂ ಹಾಡಿದವರಲ್ಲಿ ಹೆಚ್ಚಿನವರು ಹವ್ಯಾಸಿಗಳು.

ಜಪಾನಿನಲ್ಲಿ ಪ್ರತಿ ಡಿಸೆಂಬರ್ ಇದನ್ನು ಊರೂರಲ್ಲಿ ಹಾಡ್ತಾರಂತೆ. ಅಲ್ಲಿಗೆ ಹೇಗೆ ಹೋಯ್ತು?

ಯುದ್ಧಕೈದಿಗಳ ಮೂಲಕ. ಮೊದಲ ಮಹಾಯುದ್ಧದಲ್ಲಿ ಚೀನಾದ ಚಿಂಗ್‌ಡಾವ್‌ನಲ್ಲಿ ಸೆರೆಸಿಕ್ಕ ಜರ್ಮನ್ ಸೈನಿಕರನ್ನು ಜಪಾನಿನ ನಾರುಟೊ ಹತ್ತಿರದ ಬಂಡೋ ಶಿಬಿರದಲ್ಲಿ ಇಟ್ಟಿದ್ದರು. ಅವರು 1918ರ ಜೂನ್ 1ರಂದು ಇಡೀ ಸಿಂಫನಿ ನುಡಿಸಿ ಹಾಡಿದರು. ಶಿಬಿರದಲ್ಲಿ ಹೆಂಗಸರಿಲ್ಲ, ಸೊಪ್ರಾನೊ, ಆಲ್ಟೊ ಭಾಗಗಳನ್ನೂ ಗಂಡಸರಿಗೆ ಹೊಂದಿಸಿಕೊಂಡರು. ಈಗ ಅಲ್ಲಿ ಇದರ ಹೆಸರು "ದೈಕು", ಒಂಬತ್ತನೆಯದು ಅಂತಷ್ಟೇ. ಒಸಾಕಾದಲ್ಲಿ 1983ರಿಂದ 10,000 ಜನರ ಕೋರಸ್ ನಡೆಯುತ್ತಿದೆ. ಅಂಗಡಿಯವರು, ಮೇಷ್ಟ್ರುಗಳು, ನಿವೃತ್ತರು ತಿಂಗಳುಗಟ್ಟಲೆ ಜರ್ಮನ್ ಉಚ್ಚಾರ ಬಾಯಿಪಾಠ ಮಾಡಿ ಬರುತ್ತಾರೆ.

ಬರ್ಲಿನ್ ಗೋಡೆ ಬಿದ್ದಾಗ ಪದ ಬದಲಾಯಿಸಿ ಹಾಡಿದರಂತೆ. ಅದು ಸರೀನಾ?

1989ರ ಡಿಸೆಂಬರ್ 25ರಂದು ಪೂರ್ವ ಬರ್ಲಿನ್ನಿನಲ್ಲಿ ಲೆನರ್ಡ್ ಬರ್ನ್‌ಸ್ಟೈನ್ ಹಾಗೆ ಮಾಡಿಸಿದರು. "ಆನಂದ" ಇದ್ದಲ್ಲಿ "ಸ್ವಾತಂತ್ರ್ಯ". ಎರಡೂ ಜರ್ಮನಿ, ಅಮೆರಿಕ, ಬ್ರಿಟನ್, ಫ್ರಾನ್ಸ್, ಸೋವಿಯತ್ ದೇಶದ ವಾದಕರು ಒಟ್ಟಿಗೆ ಕೂತಿದ್ದರು. ಶಿಲ್ಲರ್ ಮೊದಲು ಬರೆದದ್ದೇ ಸ್ವಾತಂತ್ರ್ಯ, ಸೆನ್ಸಾರ್ ಭಯಕ್ಕೆ ಆನಂದ ಮಾಡಿದ ಎಂಬ ಮಾತಿಗೆ ಆಧಾರವಿಲ್ಲ. ಆದರೂ ಆ ದಿನಕ್ಕೆ ಆ ಬದಲಾವಣೆ ಒಪ್ಪುತ್ತದೆ. ಬೇರೆ ದಿನ ಮೂಲ ಪದವೇ ಇರಲಿ.

ಸರಿ, ಯಾವ ರೆಕಾರ್ಡಿಂಗ್‌ನಿಂದ ಶುರು ಮಾಡಲಿ?

ಮೊದಲ ಸಲಕ್ಕೆ ಕಂಡಕ್ಟರ್ ಕರಾಯನ್ 1962ರಲ್ಲಿ ಬರ್ಲಿನ್ ಫಿಲ್‌ಹಾರ್ಮೋನಿಕ್ ಜೊತೆ ಮಾಡಿದ್ದು. ಗುಂಡುಲಾ ಯಾನೊವಿಟ್ಸ್ ಸೊಪ್ರಾನೊ, ಆ ಕೊನೆಯ ಧೈವತ ಅಲ್ಲಿ ಸಲೀಸು. 1824ರ ಹತ್ತಿರದ ಸದ್ದು ಬೇಕಿದ್ದರೆ ಗಾರ್ಡಿನರ್, ಹಳೆಯ ಮಾದರಿಯ ವಾದ್ಯಗಳು, ಚಿಕ್ಕ ಕೋರಸ್, ಬೀಥೋವನ್ ಹೇಳಿದ ವೇಗ. ಮೈ ನಡುಗಬೇಕು ಅಂದರೆ ಫುರ್ಟ್‌ವೆಂಗ್ಲರ್ 1951. ನೇರ ಕಛೇರಿ ಅದು, ಕೊನೆಯಲ್ಲಿ ಆರ್ಕೆಸ್ಟ್ರಾ ಹುಚ್ಚು ಓಟ ಓಡಿ ಹೆಚ್ಚುಕಮ್ಮಿ ಚೆದುರಿಹೋಗುತ್ತದೆ. ಮೈಸೂರಿನ ನಂಟು ನೆನೆಯುವವರಿಗೆ ಕ್ಲೆಂಪರರ್ 1957, ನಿಧಾನ, ಗಟ್ಟಿ, ಹಾನ್ಸ್ ಹಾಟರ್ ಬಾಸ್.

ಪೂರ್ತಿ ಕೇಳಲು ಪುರುಸೊತ್ತು ಇಲ್ಲದಿದ್ದರೆ ನಾಲ್ಕನೇ ಭಾಗ ಹಾಕಿ, ಇಪ್ಪತ್ತೈದು ನಿಮಿಷದ ಆಸುಪಾಸು. ಹೆಡ್‌ಫೋನ್ ಇರಲಿ. ಚೆಲ್ಲೋ, ಬಾಸ್‌ಗಳು ಮೆಲ್ಲಗೆ "ಗ ಗ ಮ ಪ" ಶುರು ಮಾಡುವುದು ಫೋನಿನ ಸ್ಪೀಕರಿನಲ್ಲಿ ಕೇಳಿಸುವುದೇ ಇಲ್ಲ. ಅದು ಕೇಳಲಿ ಅಂತ ಅಲ್ಲೇ ವಾಲ್ಯೂಮ್ ಏರಿಸಿದರೆ ಮುಂದೆ ಅಬ್ಬರ ಬಂದಾಗ ಅಕ್ಕಪಕ್ಕದ ಮನೆಯವರೂ ಎದ್ದು ಬರುತ್ತಾರೆ.